ಬಡತನಕ್ಕೆ ತಾಳ ಹಾಕಿದ್ದು

ನಮ್ಮ ಕಾರಿನಲ್ಲಿ ಸೀಟ್ ಬೆಲ್ಟ್ ಕಟ್ಟಿಕೊಳ್ಳದೆ ಕುಳಿತರೆ ಅದು ಪಂಚಮದಲ್ಲಿ ಆಕ್ಷೇಪಿಸುತ್ತದೆ. ಬಾಗಿಲು ಪೂರ್ತಿ ಮುಚ್ಚದಿದ್ದರೆ ಗಾಂಧಾರಕ್ಕೆ ಇಳಿದು ಗೋಗರೆಯುತ್ತದೆ. ಎರಡೂ ಅಪರಾಧಗಳನ್ನು ಏಕಕಾಲಕ್ಕೆ ಮಾಡಿದರೆ ಮೋಹನ ರಾಗದ ಒಂದು ತುಣುಕೇ ಕೇಳಿಸುತ್ತದೆಂಬ ಸಂಗತಿಯನ್ನು ನಾನು ಸ್ವಂತ ಪರಿಶ್ರಮದಿಂದ ಕಂಡುಹಿಡಿದು, ಅಮೆರಿಕದ ಡೆಟ್ರಾಯಿಟ್ ಪಕ್ಕದ ಟ್ರಾಯ್‌ನ ನಮ್ಮ ಮನೆಯ ಡ್ರೈವ್‌ವೇಯಲ್ಲಿ ಹೆಂಡತಿಗೆ ಅದನ್ನು ಕೇಳಿಸಲು ಹೋಗಿ, ಮಾರ್ಚ್ ತಿಂಗಳ ಚಳಿಯಲ್ಲಿ ಕಾರಿನ ಬಾಗಿಲು ತೆರೆದಿಟ್ಟದ್ದಕ್ಕಾಗಿ ಬೈಸಿಕೊಂಡೆ. ರಾಗ ಗುರುತಿಸುವುದು ಒಂದು ವಿದ್ಯೆಯೆಂದು ತಿಳಿದವರಿದ್ದಾರೆ. ನನ್ನ ಮಟ್ಟಿಗೆ ಅದು ತುರಿಕೆಯಂಥ ಒಂದು ಬಾಧೆ. ಮೈಕ್ರೊವೇವ್, ಲಿಫ್ಟು, ಆಸ್ಪತ್ರೆಯ ಯಂತ್ರ, ಯಾವುದು ಕೂಗಿದರೂ ಅದರ ಜನಕರಾಗ ಯಾವುದೆಂದು ಹೇಳದೆ ನನಗೆ ಊಟ ಸೇರುವುದಿಲ್ಲ.

ಇಷ್ಟು ಕೇಳಿ ನೀವು ನನ್ನನ್ನು ಸಂಗೀತಗಾರನೆಂದು ಭಾವಿಸಿದರೆ ತಪ್ಪು ನಿಮ್ಮದಲ್ಲ, ಟ್ರಾಯ್‌ನ ಕನ್ನಡಿಗರೆಲ್ಲ ಹಾಗೆಯೇ ಭಾವಿಸಿದ್ದಾರೆ. ಮೈಸೂರಿನಲ್ಲಿ ನನ್ನ ಸಂಗೀತಾಭ್ಯಾಸವು ಗೀತೆಗಳನ್ನು ದಾಟಿ ವರ್ಣದ ಹೊಸ್ತಿಲಿಗೆ ಬರುವಷ್ಟರಲ್ಲಿ ಗುರುಗಳಿಗೂ ನನಗೂ ಒಟ್ಟಿಗೇ ಜ್ಞಾನೋದಯವಾಗಿ ನಿಂತುಹೋಯಿತು. ಅಲ್ಲಿಂದ ನಾನು ಹೊತ್ತು ತಂದದ್ದು ಎರಡೇ ಆಸ್ತಿ: ರಾಗದ ಹೆಸರು ಹೇಳುವ ಚಟ, ತೊಡೆಯ ಮೇಲೆ ತಾಳ ಹಾಕುವ ಚಟ. ಹಗಲು ಹೊತ್ತಿನಲ್ಲಿ ನಾನು ಕಾರುಗಳಿಗೆ ಬಿಡಿಭಾಗ ಮಾಡುವ ಒಂದು ಕಂಪನಿಯ ಇಂಜಿನಿಯರು. ವಾರಾಂತ್ಯದಲ್ಲಿ, ನಿಜವಾಗಿ ಕೀಬೋರ್ಡ್ ಬಲ್ಲವರು ಊರಲ್ಲಿಲ್ಲದಾಗ, ಭಜನೆಗೆ ಕೀಬೋರ್ಡ್ ನುಡಿಸುವವನು. ಇದಿಷ್ಟಕ್ಕೇ ‘ಸಂಗೀತದ ಮೂರ್ತಿ’ ಎಂಬ ಬಿರುದು ಸಿಕ್ಕಿಬಿಟ್ಟಿದೆ, ನಾನೂ ಅದನ್ನು ತಿದ್ದಲು ಹೋಗಿಲ್ಲ.

ಈ ಬಿರುದಿನ ಸಮೇತ ನಾನು ಹೋಗಿ ಸಿಕ್ಕಿಹಾಕಿಕೊಂಡದ್ದು ಪಕ್ಕದೂರು ಸ್ಟರ್ಲಿಂಗ್ ಹೈಟ್ಸ್‌ನಲ್ಲಿರುವ ಇಮ್ತಿಯಾಜ್ ಭಾಯಿಯ ಗ್ಯಾರೇಜಿನಲ್ಲಿ. ಇಮ್ತಿಯಾಜ್ ಭಾಯಿ ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಯವರು. ಇಲ್ಲಿಗೆ ಬಂದು ಕಾರ್ಖಾನೆಯೊಂದರಲ್ಲಿ ಬಹುಕಾಲ ದುಡಿದು, ಆಮೇಲೆ ಸ್ವಂತ ಗ್ಯಾರೇಜು ತೆರೆದು, ಈಗ ನಮ್ಮ ಕಡೆಯ ಅರ್ಧ ಕನ್ನಡಿಗರ ಕಾರುಗಳ ಗುಟ್ಟುಗಳನ್ನು ಎದೆಯಲ್ಲಿಟ್ಟುಕೊಂಡಿರುವ ಮನುಷ್ಯ. ಅವರ ಕಂಠ ನನ್ನ ಕೀಬೋರ್ಡಿಗಿಂತ ಎಷ್ಟೋ ಮೇಲು, ಆದರೆ ಅದನ್ನು ಅವರು ಬಾನೆಟ್ಟಿನ ಕೆಳಗೆ ತಲೆಯಿಟ್ಟಾಗ ಮಾತ್ರ ಹೊರಗೆ ತೆಗೆಯುತ್ತಿದ್ದರು. ಆ ಶನಿವಾರ ನಾನು ಬ್ರೇಕ್ ತೋರಿಸಲು ಹೋದಾಗ, ಗಿರಾಕಿಗಳು ಕಾಯುವ ಜಾಗದಲ್ಲಿ ಅಮೋಸ್ ಎಂಬ ವೃದ್ಧರೊಬ್ಬರು ಗಿಟಾರ್ ಹಿಡಿದು ಕುಳಿತಿದ್ದರು. ಕಪ್ಪು ಜನಾಂಗದ ಎತ್ತರದ ಆಳು, ಕಾರ್ಖಾನೆಯಿಂದ ನಿವೃತ್ತರು. ಅವರ ಹಳೆಯ ಟ್ರಕ್ಕು ಪದೇ ಪದೇ ಕೆಡುತ್ತಿದ್ದುದರಿಂದ ಗ್ಯಾರೇಜಿನಲ್ಲಿ ಅವರದೊಂದು ಕಾಯಂ ಕುರ್ಚಿಯಿತ್ತು.

ಅಮೋಸ್ ಹಾಡುತ್ತಿದ್ದದ್ದು ಒಂದು ಬ್ಲೂಸ್ ಹಾಡು, ಅವರ ದೊಡ್ಡಮ್ಮನಿಂದ ಬಂದದ್ದಂತೆ. ಯಾರದೋ ಹತ್ತಿ ಹೊಲದಲ್ಲಿ ಪಾಲಿಗೆ ದುಡಿಯುವ ಒಂದು ಸಂಸಾರದ ಕತೆ. ಮನೆಯಲ್ಲಿ ಬೇಯಿಸುವುದಕ್ಕೆ ಏನೂ ಇಲ್ಲ. ಆದರೂ ತಾಯಿ ಒಲೆಯ ಮೇಲೆ ಬರೀ ನೀರಿಟ್ಟು ಮುಚ್ಚಳ ಮುಚ್ಚಿದ್ದಾಳೆ: ಹೊಗೆ ಕಂಡು ನೆರೆಯವರು ಅಡಿಗೆಯಾಗುತ್ತಿದೆಯೆಂದುಕೊಳ್ಳಲಿ, ಮಕ್ಕಳು ಕಾಯುತ್ತ ಕಾಯುತ್ತ ನಿದ್ದೆಹೋಗಲಿ ಅಂತ. ಪ್ರತಿ ನುಡಿಯಲ್ಲೂ ಮೂರೇ ಸಾಲು. ಮೊದಲ ಸಾಲನ್ನು ಎರಡು ಸಲ ಹೇಳುವುದು, ಮೂರನೆಯದರಲ್ಲಿ ಅದಕ್ಕೆ ಉತ್ತರ ಕೊಡುವುದು. ಮುಚ್ಚಳ ತೆಗೆಯುವ ಸಾಲಿಗೆ ಬಂದಾಗ ಅಮೋಸ್ ಸುಮ್ಮನಾದರು. ಗಿಟಾರೂ ಸುಮ್ಮನಾಯಿತು. ಆಮೇಲೆ ತಮಗೆ ತೋಚಿದಾಗ ಮುಂದಿನ ಸಾಲು ಹಿಡಿದರು.

ಇಂಥ ಹಾಡು ಕೇಳಿದ ಸಹೃದಯ ಏನು ಮಾಡಬೇಕು? ಕಣ್ಣು ಒರೆಸಿಕೊಳ್ಳಬೇಕು, ಇಲ್ಲವೇ ಕನಿಷ್ಠ ಪಕ್ಷ ಬಾಯಿ ಮುಚ್ಚಿಕೊಂಡಿರಬೇಕು. ನಾನು ಎದ್ದುನಿಂತು, ಈ ಹಾಡಿನ ರಾಗ ಶುದ್ಧ ಧನ್ಯಾಸಿ ಎಂದು ಘೋಷಿಸಿದೆ. ಅಷ್ಟಕ್ಕೇ ಬಿಡದೆ, ಅವರ ಗಾಂಧಾರವು ಎರಡು ಗಾಂಧಾರಗಳ ನಡುವೆ ಎಲ್ಲೋ ತ್ರಿಶಂಕುವಾಗಿ ನಿಂತಿದೆಯೆಂದೂ, ಮುಚ್ಚಳದ ಸಾಲಿನಲ್ಲಿ ಸುಮಾರು ಒಂದೂವರೆ ಅಕ್ಷರಕಾಲ ತಾಳ ಜಾಸ್ತಿಯಾಗಿದೆಯೆಂದೂ ಇಂಗ್ಲಿಷಿನಲ್ಲಿ ವಿನಯಪೂರ್ವಕ ತಿಳಿಸಿದೆ. ಹುಟ್ಟಿದಂದಿನಿಂದ ಆ ಹಾಡು ಕೇಳಿಕೊಂಡು ಬೆಳೆದ ಮನುಷ್ಯನಿಗೆ, ತೊಡೆ ತಟ್ಟಿ ಬೆರಳು ಮಡಿಸಿ ಲೆಕ್ಕ ತೋರಿಸುವುದಿದೆಯಲ್ಲ, ಈ ತಪ್ಪನ್ನು ಮಾಡಲು ನಮ್ಮ ಕಡೆಯವರಿಗೆ ಮಾತ್ರ ಸಾಧ್ಯ. ಅಮೋಸ್ ನನ್ನ ಬೆರಳುಗಳನ್ನು ಬಹಳ ಆಸಕ್ತಿಯಿಂದ ನೋಡಿದರು. ಅದೇ ಸಾಲನ್ನು ಮತ್ತೆ ಹಾಡಿ, ಈ ಸಲ ನಾನು ಬೆರಳು ಮಡಿಸಿ ಮಡಿಸಿ ಸುಸ್ತಾಗುವವರೆಗೂ ಸುಮ್ಮನೆ ಕೂತು, ನನ್ನ ಕೈ ಕೆಳಗಿಳಿದ ಮೇಲೆ ಮುಂದುವರಿಸಿದರು. ಆಮೇಲೆ ಇಬ್ಬರೂ ಸೇರಿ ನಕ್ಕೆವು, ಅವರು ಸ್ವಲ್ಪ ಜಾಸ್ತಿ ನಕ್ಕರು.

ಆಮೇಲೆ ನಾನು ಈ ಬ್ಲೂಸಿನ ಬೇರು ಹುಡುಕಿಕೊಂಡು ಹೋದೆ. ನನ್ನಂಥವರು ಕ್ಷಮೆ ಕೇಳುವ ಬದಲು ಅಧ್ಯಯನ ಮಾಡುತ್ತಾರೆ. ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಲ್ಲಿ ಬಗ್ಗಿ ದುಡಿಯುತ್ತ, ಒಬ್ಬ ಕೂಗಿ ಮಿಕ್ಕವರು ಓಗೊಡುತ್ತ ಕಟ್ಟಿಕೊಂಡ ಹಾಡುಗಳಿವು. ಹೊಲ ಅನ್ನ ಕೊಡದಾದಾಗ ಅದೇ ಜನ ರೈಲು ಹತ್ತಿ ಶಿಕಾಗೋಗೂ ಡೆಟ್ರಾಯಿಟಿಗೂ ಬಂದರು, ಹಾಡೂ ಟಿಕೆಟ್ಟಿಲ್ಲದೆ ಅವರ ಜೊತೆ ಬಂತು. ಇಲ್ಲಿನ ಕಾರ್ಖಾನೆಗಳ, ಹೆಂಡದಂಗಡಿಗಳ ಗದ್ದಲದಲ್ಲಿ ಮರದ ಗಿಟಾರು ಕೇಳಿಸದೆ ಅದಕ್ಕೆ ಕರೆಂಟು ಕೊಡಬೇಕಾಯಿತು. ಮೊದಲ ಸಾಲನ್ನು ಎರಡು ಸಲ ಹೇಳುವುದರ ಹಿಂದೆಯೂ ಒಂದು ಉಪಾಯವಿದೆ: ಅಷ್ಟರಲ್ಲಿ ಹಾಡುವವನಿಗೆ ಮೂರನೆಯ ಸಾಲು ಹೊಳೆಯುತ್ತದೆ. ನಮ್ಮ ಬೀಸುವ ಕಲ್ಲಿನ ಪದಗಳೂ ತ್ರಿಪದಿಗಳೇ ತಾನೆ? ಅಲ್ಲೂ ಹೆಂಗಸರು ಕಲ್ಲು ತಿರುಗಿಸುತ್ತ ಎರಡನೆಯ ಸಾಲನ್ನು ಮತ್ತೊಮ್ಮೆ ಹೇಳಿಕೊಂಡೇ ಮೂರನೆಯದಕ್ಕೆ ಹೋಗುತ್ತಿದ್ದರು. ಕೈಗೆ ಕೆಲಸ ಹೆಚ್ಚಿದ್ದಲ್ಲಿ ಬಾಯಿಗೆ ಸಾಲು ಕಡಿಮೆ ಎಂಬ ಒಂದು ಭಾರೀ ಸಿದ್ಧಾಂತವನ್ನು ನಾನು ಊಟದ ಮೇಜಿನಲ್ಲಿ ಮಂಡಿಸಿದೆ. ಹಾಗಾದರೆ ನಿಮ್ಮ ಮಾತು ಯಾಕೆ ಇಷ್ಟು ಉದ್ದ ಎಂದು ಹೆಂಡತಿ ಪಾತ್ರೆಗಳನ್ನು ನನ್ನ ಕಡೆ ತಳ್ಳಿದಳು.

ಆದರೆ ಆ ಶನಿವಾರ ಗ್ಯಾರೇಜಿನಲ್ಲಿ ನಿಜವಾಗಿ ಹಾಡು ಕೇಳಿಸಿಕೊಂಡವರು ಇಮ್ತಿಯಾಜ್ ಭಾಯಿ. ಅಮೋಸ್ ಹೊರಟುಹೋದ ಮೇಲೆ ಅವರು ಕೈಯ ಗ್ರೀಸು ಒರೆಸುತ್ತಲೇ ಇದ್ದರು, ಗ್ರೀಸು ಹೋಗಿ ಬಹಳ ಹೊತ್ತಾಗಿತ್ತು.

“ಮೂರ್ತಿಯವರೇ, ನಮ್ಮನೇಲೂ ದಿನವಿಡೀ ಒಲೆ ಮೇಲೆ ನೀರು ಕುದೀತಾನೇ ಇರೋದು,” ಅಂದರು. “ನಮ್ಮದು ಬರೀ ನೀರಲ್ಲ. ಒಳಗೆ ರೇಷ್ಮೆ ಗೂಡು ಇರೋದು. ಅಮ್ಮಿ ಆ ಕುದಿಯೋ ನೀರಲ್ಲಿ ಕೈಯಿಟ್ಟು ಎಳೆ ಹಿಡಿದು ನೂಲು ತೆಗೆಯೋರು. ನಾವು ಚಿಕ್ಕವರು, ಹೊಟ್ಟೆ ಹಸಿದಿರೋದು, ಪಾತ್ರೆಯಿಂದ ಹೊಗೆ ಬರ್ತಿರೋದು. ದಿನಾ ಕೇಳೋದು, ಅಮ್ಮೀ, ಒಳಗೇನೈತೆ ಅಂತ.”

ಅವರ ತಾಯಿ ಬೇರೆಯವರ ಗೂಡಿನಿಂದ ಕೂಲಿಗೆ ನೂಲು ಬಿಚ್ಚುತ್ತಿದ್ದರು. ಮನೆಯೊಳಗೆ ಅಷ್ಟು ರೇಷ್ಮೆ ಹರಿದರೂ ಉಡಲು ಯಾರಿಗೂ ಒದಗಲಿಲ್ಲ. “ನಮ್ಮಲ್ಲಿ ಗಂಡಸರು ರೇಷ್ಮೆ ಉಡಬಾರದು ಅಂತ ಧರ್ಮ ಹೇಳ್ತದೆ, ಹೆಂಗಸರು ಉಡಬಾರದು ಅಂತ ರೇಟು ಹೇಳೋದು. ಹಂಗಾಗಿ ಮನೆಯವರೆಲ್ಲ ಬಹಳ ಧರ್ಮಿಷ್ಠರಾಗಿ ಉಳಿದ್ವಿ,” ಎಂದು ಅವರೇ ನಕ್ಕರು. ನಗುತ್ತಲೇ, ಅಮೋಸರ ಧಾಟಿಯಲ್ಲಿ, ಬಾನೆಟ್ಟಿಗೆ ಆತುಕೊಂಡು ಒಂದು ನುಡಿ ಹಾಡಿಬಿಟ್ಟರು:

ಒಲೆ ಮ್ಯಾಲೆ ಪಾತ್ರೆ ಕುದೀತೈತೆ, ಅಮ್ಮೀ, ಒಳಗೇನೈತೆ?
ಒಲೆ ಮ್ಯಾಲೆ ಪಾತ್ರೆ ಕುದೀತೈತೆ, ಅಮ್ಮೀ, ಒಳಗೇನೈತೆ?
ಯಾರ್ದೋ ಮದ್ವೆ ಸೀರೆ ಬೇಯ್ತೈತೆ ಕಂದಾ, ಊಟ ಅಲ್ಲ, ಮಲ್ಕೋ.

ನನ್ನ ಬಾಯಿಂದ ಯಾವ ರಾಗದ ಹೆಸರೂ ಬರಲಿಲ್ಲ. ಇದನ್ನು ನೀವು ಹಾಡಲೇಬೇಕು, ಯುಗಾದಿಗೆ ಹಾಡಿ ಎಂದು ಹುಚ್ಚನಂತೆ ದುಂಬಾಲುಬಿದ್ದೆ. ಧಾಟಿ ಅಮೋಸರದು, ಹಾಡು ತಮ್ಮದಾಯಿತೋ ಇಲ್ಲವೋ ಎಂಬ ಸಂಕೋಚ ಇಮ್ತಿಯಾಜ್ ಭಾಯಿಗೆ. ಮುಂದಿನ ವಾರ ಅಮೋಸರನ್ನು ಕೇಳಿದರೆ, ತನ್ನ ದೊಡ್ಡಮ್ಮನೂ ಅದನ್ನು ಯಾರಿಂದಲೋ ಎತ್ತಿಕೊಂಡವಳೇ, ಧಾರಾಳವಾಗಿ ಒಯ್ಯಿರಿ ಎಂದು ಅವರು ಟ್ರಕ್ಕಿನ ಕೀಲಿಕೈ ಇಸಿದುಕೊಂಡು ಹೊರಟರು. ಇಮ್ತಿಯಾಜ್ ಭಾಯಿ ಅದೇ ಧಾಟಿಯಲ್ಲಿ ಇನ್ನೂ ಒಂದೆರಡು ನುಡಿ ಕಟ್ಟಿ, ಮುಚ್ಚಳ ತೆಗೆಯುವ ಜಾಗದಲ್ಲಿ ಅಮೋಸರಂತೆಯೇ ನಿಲ್ಲುವುದನ್ನೂ ಇಟ್ಟುಕೊಂಡರು.

ಈಗ ಯುಗಾದಿಯ ವಿಚಾರ. ಆ ವರ್ಷ ನಮ್ಮ ಕಡೆಯ ಕನ್ನಡಿಗರೂ ಶಿಕಾಗೋ ಕಡೆಯ ಕನ್ನಡಿಗರೂ ಜೊತೆಗೂಡಿ ಅವರ ಕಡೆಯ ಓಕ್ ಬ್ರೂಕ್ ಎಂಬ ಊರಿನ ಹತ್ತಿರದ ಶಾಲೆಯೊಂದರ ಸಭಾಂಗಣದಲ್ಲಿ ಹಬ್ಬ ಮಾಡುವುದೆಂದು ನಿರ್ಧಾರವಾಗಿತ್ತು. ಸಾಂಸ್ಕೃತಿಕ ಕಾರ್ಯದರ್ಶಿಯಾದ ಪ್ರಸನ್ನ ಎಂಬ ಉತ್ಸಾಹಿ ಯುವಕ ಹಾಡನ್ನು ಫೋನಿನಲ್ಲೇ ಕೇಳಿ, ತನ್ನ ಹುದ್ದೆಗೆ ತಕ್ಕ ಸ್ವರದಲ್ಲಿ ಮಾತಾಡಿದ.

“ಸೂಪರಾಗಿದೆ ಸಾರ್. ಆದ್ರೆ ಸ್ವಲ್ಪ ನೆಗೆಟಿವ್ ಆಯ್ತು. ಹಬ್ಬ ಅಲ್ವಾ, ಕೊನೇಲಿ ಆ ಫ್ಯಾಮಿಲಿ ಸೆಟಲ್ ಆಗೋ ತರ ಮಾಡೋಕಾಗಲ್ವಾ? ಆಮೇಲೆ ನಿಮ್ ಐಟಂ ಆದ್ಮೇಲೇ ಲಂಚ್ ಇರೋದು.”

ಯುಗಾದಿಯಲ್ಲಿ ಬೇವೂ ಇರುತ್ತದಲ್ಲಪ್ಪ ಎಂದೆ. “ಬೇವು ಸಿಂಬಾಲಿಕ್ ಸಾರ್. ನಾವೂ ಒಂದು ಚಿಟಿಕೆ ಪುಡೀನೇ ಹಾಕೋದು,” ಎಂದ.

ಪ್ರಸನ್ನನನ್ನು ಹಂಗಿಸುವುದು ಸುಲಭ, ಆದರೆ ಅವನು ನಮ್ಮೆಲ್ಲರ ಪ್ರತಿನಿಧಿ. ನಮ್ಮ ಕೂಟಗಳಲ್ಲಿ ಬಡತನಕ್ಕೆ ಪ್ರವೇಶವಿಲ್ಲವೆಂದು ಯಾರೂ ತಿಳಿಯಬೇಡಿ. ಬೇಕಾದಷ್ಟಿದೆ, ಆದರೆ ಅದು ಪಾಸಾದ ಪರೀಕ್ಷೆಯಾಗಿರಬೇಕು. ಬೀದಿದೀಪದ ಕೆಳಗೆ ಓದಿದೆ, ಬರಿಗಾಲಲ್ಲಿ ಶಾಲೆಗೆ ಹೋದೆ ಎಂದು ಸನ್ಮಾನ ಸ್ವೀಕರಿಸುತ್ತ ಹೇಳಿದರೆ ಚಪ್ಪಾಳೆ. ಅದೇ ಬರಿಗಾಲಿನವನು ಕೊನೆಯವರೆಗೂ ಬರಿಗಾಲಲ್ಲೇ ಉಳಿದನೆಂದರೆ ಸಭೆ ಗಡಿಯಾರ ನೋಡತೊಡಗುತ್ತದೆ. ಬ್ಲೂಸಿಗೆ ಈ ಸಭ್ಯತೆ ಗೊತ್ತಿಲ್ಲ, ಅಲ್ಲಿ ಕೊನೆಯಲ್ಲಿ ಯಾರೂ ಸೆಟಲ್ ಆಗುವುದಿಲ್ಲ. ಆದರೂ ಇಮ್ತಿಯಾಜ್ ಭಾಯಿ ಬೇಸರಿಸದೆ, ಕಡೆಯ ನುಡಿಗೆ ‘ನಾಳೆ ಒಳ್ಳೆ ದಿನ ಬರ್ತೈತೆ’ ಎಂಬ ಒಂದು ಸಾಲು ಸೇರಿಸಿಕೊಂಡರು.

ಎರಡನೆಯ ಕತ್ತರಿ ಅವರ ಮನೆಯಲ್ಲೇ ಕಾದಿತ್ತು. ಇಮ್ತಿಯಾಜ್ ಭಾಯಿಯ ಮಗಳು ಸಾನಿಯಾಗೆ ಓಕ್ ಬ್ರೂಕಿನ ಫರ್ಹಾನ್ ಎಂಬ ಹುಡುಗ ಕಾಲೇಜಿನಿಂದಲೇ ಮೆಚ್ಚಿಗೆಯಾಗಿದ್ದ, ಅವನಿಗೂ ಇವಳೆಂದರೆ ಪ್ರಾಣ. ಹಿರಿಯರು ಮೆಚ್ಚುವ ಶಾಸ್ತ್ರವೊಂದು ಬಾಕಿ. ಹುಡುಗನ ತಂದೆ ಕಲಬುರಗಿಯಿಂದ ಬಂದು ಹೆಸರು ಮಾಡಿದ ಡಾಕ್ಟರು, ದೊಡ್ಡ ಮನೆತನ. ಹೆಣ್ಣು ನೋಡುವುದು ಎಂದು ಕರೆದರೆ ಮಕ್ಕಳು ರೇಗುತ್ತಾರೆಂದು, ಯುಗಾದಿ ಕಾರ್ಯಕ್ರಮದಲ್ಲಿ ಎರಡು ಕುಟುಂಬಗಳು ‘ಅಕಸ್ಮಾತ್ತಾಗಿ’ ಅಕ್ಕಪಕ್ಕ ಕೂರುವುದೆಂದು ನಿಶ್ಚಯವಾಗಿತ್ತು. ಇಂಥ ಅಕಸ್ಮಾತ್ತುಗಳಿಗಾಗಿಯೇ ಪರದೇಶದ ಕನ್ನಡ ಕಾರ್ಯಕ್ರಮಗಳು ಅಷ್ಟು ದೀರ್ಘವಾಗಿರುತ್ತವೆಂದು ನನ್ನ ಅನುಮಾನ. ಇಮ್ತಿಯಾಜ್ ಭಾಯಿಯ ಹೆಂಡತಿ ನಸೀಮಾ ಅವರು ಡಾಕ್ಟರ ಮನೆಯವರಿಗೆ ಫೋನಿನಲ್ಲಿ, ನಮ್ಮದು ಊರಲ್ಲಿ ರೇಷ್ಮೆ ಬಿಸಿನೆಸ್ ಎಂದು ಹೇಳಿಯಾಗಿತ್ತು.

ನಾನು ಅಭ್ಯಾಸಕ್ಕೆಂದು ಅವರ ಮನೆಗೆ ಹೋದ ದಿನ ನಸೀಮಾ ಅವರು ಚಹಾ ತಂದಿಟ್ಟು ನಿಂತೇ ಮಾತಾಡಿದರು. ಅದು ಜಂಬದ ಮಾತಾಗಿದ್ದರೆ ನಾನು ಈ ಪ್ರಬಂಧದಲ್ಲಿ ಅವರನ್ನು ಸ್ವಲ್ಪ ಆಡಿಕೊಳ್ಳಬಹುದಾಗಿತ್ತು.

“ಮೂರ್ತಿ ಭಾಯಿ, ನಮ್ಮ ಸಾಸಮ್ಮ, ಅಂದ್ರೆ ಇವರ ಅಮ್ಮಿ, ಅವರ ಕೈ ಇವರು ನೋಡಿದ್ದು ಚಿಕ್ಕಂದಿನಲ್ಲಿ. ಕೊನೇಗಾಲದಲ್ಲಿ ನೋಡಿದವಳು ನಾನು. ಬೆರಳು ಮಡಿಸೋಕೆ ಬರ್ತಿರಲಿಲ್ಲ, ನಾನೇ ತುತ್ತು ಕೊಡ್ತಿದ್ದೆ. ಯಾರಾದ್ರೂ ಬಂದ್ರೆ ಕೈನ ಸೆರಗಿನೊಳಗೆ ಮುಚ್ಚಿಕೊಳ್ಳೋರು. ಅವರು ಮುಚ್ಚಿಟ್ಟಿದ್ದನ್ನ ಇವರು ಸ್ಟೇಜ್ ಮೇಲೆ ತೆಗೆದು ತೋರಿಸಬೇಕಾ? ಅದೂ ಹುಡುಗಿ ಮಾತುಕತೆ ನಡೀತಿರೋವಾಗ?”

ಇಮ್ತಿಯಾಜ್ ಭಾಯಿ ನೆಲ ನೋಡುತ್ತಿದ್ದರು. ಸಾನಿಯಾ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದಳು, ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ‘ಅಮ್ಮಿ’ ಹೋಗಿ ‘ಅಜ್ಜಿ’ ಬಂದಳು, ಅದೂ ಯಾವುದೋ ಊರಿನ ಅಜ್ಜಿ. ಮದುವೆ ಸೀರೆಯ ಸಾಲು ಹೋಗಿ ‘ಹಬ್ಬದ ಅಡುಗೆ ಬೇಯ್ತೈತೆ’ ಎಂದಾಯಿತು.

ಮೂರನೆಯ ಕತ್ತರಿ ನನ್ನದೇ. ಅಮೋಸರ ಆ ಮೌನ ನನಗೆ ಇನ್ನೂ ನುಂಗಲಾರದ ತುತ್ತಾಗಿತ್ತು. ವೇದಿಕೆಯ ಮೇಲೆ ಮೌನವಾದರೆ ಜನ ಮೈಕು ಕೆಟ್ಟಿತೆಂದುಕೊಳ್ಳುತ್ತಾರೆ ಎಂದು ವಾದಿಸಿ, ಇಡೀ ಹಾಡನ್ನು ಆದಿತಾಳಕ್ಕೆ ಕೂರಿಸಿ, ಕೀಬೋರ್ಡಿನ ಡೋಲಕ್ಕಿನ ರಿದಂ ಹಾಕಿದೆ. ಮುಚ್ಚಳ ತೆಗೆಯುವ ಜಾಗದಲ್ಲಿ ಈಗ ಒಂದು ಸಣ್ಣ ಕೊಳಲು ಬರುತ್ತಿತ್ತು. ಹೀಗೆ ಮೂವರು ಹಿತೈಷಿಗಳು ಸೇರಿ ಬಡತನದ ಹಾಡಿನಿಂದ ಬಡತನವನ್ನು ಮೂಲಸಹಿತ ಕಿತ್ತು ಹಾಕಿದೆವು, ಸರ್ಕಾರಗಳಿಗೆ ಆಗದ ಕೆಲಸ. ಇಮ್ತಿಯಾಜ್ ಭಾಯಿ ಎಲ್ಲದಕ್ಕೂ ಆಯ್ತು ಆಯ್ತು ಎಂದರು, ಆದರೆ ಬಾನೆಟ್ಟಿನ ಕೆಳಗೆ ಹಾಡುವುದನ್ನು ನಿಲ್ಲಿಸಿಬಿಟ್ಟರು.

ಹಬ್ಬದ ದಿನ ನಸುಕಿಗೇ ನಾವು ಗಂಡಹೆಂಡಿರು, ಅವರು ಮೂವರು ಅವರ ದೊಡ್ಡ ವ್ಯಾನಿನಲ್ಲಿ ಹೊರಟೆವು. ಡ್ರೈವ್ ಮಾಡಿದವಳು ಸಾನಿಯಾ. ಸಭಾಂಗಣ ಸೇರಿದಾಗ ವೇದಿಕೆಯ ಮೇಲೆ ಪುಟಾಣಿಗಳು ನಾಡಿನ ಹಿರಿಮೆಯನ್ನು ಅಮೆರಿಕನ್ ಉಚ್ಚಾರಣೆಯಲ್ಲಿ ಸಾರುತ್ತಿದ್ದರು. ಡಾಕ್ಟರ ಕುಟುಂಬ ಅಕಸ್ಮಾತ್ತಾಗಿ ಎರಡನೆಯ ಸಾಲಿನಲ್ಲಿ ಕುಳಿತಿತ್ತು, ಅಕಸ್ಮಾತ್ತಾಗಿ ಪಕ್ಕದಲ್ಲಿ ಮೂರು ಕುರ್ಚಿ ಖಾಲಿಯಿದ್ದವು. ನಮ್ಮ ಸರದಿ ಬರುವ ಹೊತ್ತಿಗೆ ಹಿಂದಿನ ಬಾಗಿಲಿನಿಂದ ಬಿಸಿಬೇಳೆಬಾತಿನ ಪರಿಮಳ ಬಂದು, ಸಭಿಕರ ಗಮನವೆಲ್ಲ ಹಿಮ್ಮುಖವಾಗಿತ್ತು. ಹಸಿವಿನ ಹಾಡಿಗೆ ಇದಕ್ಕಿಂತ ಯೋಗ್ಯವಾದ ಮುಹೂರ್ತ ಸಿಗದೆಂದು ನಾನು ಕೀಬೋರ್ಡಿನ ಗುಂಡಿ ಒತ್ತಿದೆ, ಡೋಲಕ್ಕು ಶುರುವಾಯಿತು.

ಮೊದಲ ನುಡಿ ಒಪ್ಪಂದದಂತೆ ಸಾಗಿತು. ಎರಡನೆಯದರಲ್ಲಿ ಯಾವುದೋ ಊರಿನ ಅಜ್ಜಿ ಬರಬೇಕಿತ್ತು. ಇಮ್ತಿಯಾಜ್ ಭಾಯಿ ಬಾಯಿ ತೆರೆದರು, “ಅಮ್ಮೀ” ಎಂಬ ಕರೆ ಬಂತು. ಅವರು ಅಂದುಕೊಂಡು ಬಂದಿದ್ದಲ್ಲ, ಅದು ನನಗೆ ಮುಖ ನೋಡಿದರೇ ತಿಳಿಯಿತು. ಬಾಯಿಗೆ ಬೇರೆ ಪದ ಗೊತ್ತೇ ಇರಲಿಲ್ಲ. ಒಳಗೇನೈತೆ ಎಂದು ಒಮ್ಮೆ ಕೇಳಿದರು. ಒಳಗೇನೈತೆ ಎಂದು ಇನ್ನೊಮ್ಮೆ ಕೇಳಿದರು. ಆಮೇಲೆ ನಿಂತುಬಿಟ್ಟರು.

ಡೋಲಕ್ಕು ಮಾತ್ರ ತನ್ನಷ್ಟಕ್ಕೆ ಧಿನ್ ಧಿನ್ ಎಂದು ಬಡಿದುಕೊಳ್ಳುತ್ತಿತ್ತು. ಒಬ್ಬ ಮನುಷ್ಯ ತನ್ನ ತಾಯಿಯ ಮುಂದೆ ನಿಂತಿರುವಾಗ ಆ ಸದ್ದು ಎಷ್ಟು ಅಸಹ್ಯವಾಗಿರುತ್ತದೆಂದು ನಾನು ಹೇಳಲಾರೆ. ನನಗೆ ನಾಚಿಕೆಯಾಯಿತು. ಗುಂಡಿ ಒತ್ತಿ ಅದನ್ನು ನಿಲ್ಲಿಸಿದೆ, ಕೀಬೋರ್ಡಿನ ಮೇಲಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ. ಸಭೆಯಲ್ಲಿ ಯಾರೋ ಕೆಮ್ಮಿದರು, ಪ್ರಸನ್ನ ಪರದೆಯ ಮರೆಯಿಂದ ಮೈಕಿನ ತಂತಿ ನೋಡಿದ. ಎಷ್ಟು ಹೊತ್ತೋ ನಾನು ಎಣಿಸಲಿಲ್ಲ. ಆಮೇಲೆ ಇಮ್ತಿಯಾಜ್ ಭಾಯಿ, ಯಾವ ವಾದ್ಯವೂ ಇಲ್ಲದೆ, ಯಾರದೋ ಮದುವೆ ಸೀರೆ ಬೇಯುತ್ತಿರುವುದನ್ನು ಹೇಳಿದರು, ಕಂದನನ್ನು ಮಲಗಿಸಿದರು, ‘ಒಳ್ಳೆ ದಿನ’ದ ಸಾಲನ್ನು ಹಾಡದೆಯೇ ಕೈಮುಗಿದು ಇಳಿದರು. ಚಪ್ಪಾಳೆ ತಡವಾಗಿ ಬಂತು. ರೇಷ್ಮೆ ಸೀರೆ ಉಟ್ಟಿದ್ದ ಕೆಲವರು ಏಕೋ ಸೆರಗು ಸರಿಮಾಡಿಕೊಂಡರು.

ಊಟದ ಸಾಲಿನಲ್ಲಿ ಡಾಕ್ಟರು ನಮ್ಮ ಮುಂದೆಯೇ ಸಿಕ್ಕರು. ಸಜ್ಜನರೇ, ಆದರೆ ಮುಖದಲ್ಲಿ ಎಕ್ಸ್-ರೇ ನೋಡುವಾಗಿನ ಗಾಂಭೀರ್ಯ. “ಇಮ್ತಿಯಾಜ್ ಸಾಬ್, ಛಲೋ ಹಾಡಿದ್ರಿ. ಊರಾಗ ರೇಷ್ಮಿ ಬಿಸಿನೆಸ್ ಅಂದಿದ್ರಲ್ಲ ನೀವು?” ಎಂದರು.

“ಹೌದು ಡಾಕ್ಟರ್ ಸಾಬ್. ಬಿಸಿನೆಸ್ ಬೇರೆಯವರದು, ರೇಷ್ಮೆ ನಮ್ಮಮ್ಮಂದು,” ಎಂದರು ಇಮ್ತಿಯಾಜ್ ಭಾಯಿ.

ಡಾಕ್ಟರು ನಗಲಿಲ್ಲ. ಅವರ ಹೆಂಡತಿ, ಊಟ ಆರುತ್ತದೆ ಬನ್ನಿ ಎಂದು ಅವರ ತೋಳು ಮುಟ್ಟಿದರು. ಆಮೇಲೆ ಎರಡು ಕುಟುಂಬಗಳೂ ಬೇರೆ ಬೇರೆ ಮೇಜಿನಲ್ಲಿ ಊಟ ಮಾಡಿದವು. ಫರ್ಹಾನ್ ಮಾತ್ರ ಒಂದು ತಟ್ಟೆ ಹೋಳಿಗೆ ಹಿಡಿದುಕೊಂಡು ಎರಡು ಮೇಜುಗಳ ನಡುವೆ ನಿಂತಿದ್ದ. ಸಾನಿಯಾ ಅವನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. ಬೈಯುವುದರಲ್ಲಿ ಪರಿಣತಳಾದ ನನ್ನ ಹೆಂಡತಿ ಆ ಹೊತ್ತು ತಾನಾಗಿಯೇ ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದಳು, ಅದೇ ಹೆಚ್ಚು ಹೆದರಿಕೆ ತಂದಿತು.

ವಾಪಸು ಬರುತ್ತ ಇಂಡಿಯಾನಾ ದಾಟಿ ಮಿಷಿಗನ್ ಒಳಗೆ ಬಂದೆವು. ಹೊರಗೆ ಬಿಸಿಲು ಇನ್ನೂ ಇತ್ತು. ಸಾನಿಯಾ ಡ್ರೈವ್ ಮಾಡುತ್ತಿದ್ದಳು, ಇಮ್ತಿಯಾಜ್ ಭಾಯಿ ಪಕ್ಕದಲ್ಲಿ, ನಸೀಮಾ ಅವರು ನನ್ನ ಮುಂದಿನ ಸೀಟಿನಲ್ಲಿ. ನಾನು ಹುಟ್ಟುಹಾಕಿದ ಹುಚ್ಚಿನಿಂದ ಒಂದು ಹುಡುಗಿಯ ಸಂಬಂಧ ಮುರಿಯಿತಲ್ಲ ಎಂದು ನಾನು ಕಿಟಕಿಯಾಚೆ ನೋಡುತ್ತ ಕುಳಿತಿದ್ದೆ. ಕಲಮಜೂ ಇನ್ನೂ ಮುಂದಿದೆ ಎನ್ನುವಾಗ ನಸೀಮಾ ಅವರ ಫೋನು ಸದ್ದು ಮಾಡಿತು. ಅವರು ಓದಿಕೊಂಡು, “ಅಲ್‌ಹಮ್ದುಲಿಲ್ಲಾಹ್,” ಎಂದು ಕಣ್ಣು ಮುಚ್ಚಿದರು.

ಡಾಕ್ಟರ ಹೆಂಡತಿಯ ಮೆಸೇಜು. ಹುಡುಗಿ ತಮಗೆಲ್ಲ ಬಹಳ ಹಿಡಿಸಿದ್ದಾಳೆ, ಮದುವೆಯ ಮಾತು ಮುಂದುವರಿಸೋಣ. ಒಂದೇ ಒಂದು ವಿನಂತಿ: ಮದುವೆಗೆ ಹೈದರಾಬಾದಿನಿಂದ, ಕಲಬುರಗಿಯಿಂದ ನೆಂಟರು ಬರುತ್ತಾರೆ, ಅವರ ಮುಂದೆ ಆ ಹಾಡು ಮಾತ್ರ ಬೇಡ, ಆ ವಿಷಯವೂ ಬೇಡ. ನಸೀಮಾ ಅವರು ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಗಂಡನ ತಲೆಯ ಹಿಂಭಾಗವನ್ನು ನೋಡಿದರು.

“ಆಯ್ತು ಅಂತ ಬರಿ,” ಎಂದರು ಇಮ್ತಿಯಾಜ್ ಭಾಯಿ, ತಿರುಗದೆಯೇ. “ಹಾಡಲ್ಲ ನಾನು. ಮಗಳಿಗಿಂತ ಹಾಡು ದೊಡ್ಡದಾ?”

ನನಗೂ ಅದೇ ಸರಿಯೆನಿಸಿತು, ನಿಮ್ಮಲ್ಲಿ ಹೆಣ್ಣು ಹೆತ್ತವರಿದ್ದರೆ ನಿಮಗೂ ಅನಿಸೀತು. ನಸೀಮಾ ಅವರು ಟೈಪ್ ಮಾಡತೊಡಗಿದರು. ಸಾನಿಯಾ ಬ್ಲಿಂಕರ್ ಹಾಕಿ, ಬಲಗಡೆಯ ಲೇನಿಗೆ ಬಂದು, ಸ್ಪೀಡು ಇಳಿಸಿದಳು.

“ಅಮ್ಮೀ, ವೇಟ್. ಟೆಲ್ ದೆಮ್ ಅಬ್ಬಾ ಹಾಡಲ್ಲ,” ಅಂದಳು. ಆಮೇಲೆ, ಆ ಹುಡುಗಿ ನನ್ನ ಮುಂದೆ ಎಂದೂ ಆಡದಿದ್ದ ಕನ್ನಡದಲ್ಲಿ, ಗ್ಯಾರೇಜಿನಿಂದಲೂ ಮೆಟ್ಟಿಲ ಮೇಲಿಂದಲೂ ಕದ್ದು ಕೇಳಿ ಕಲಿತ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿಕೊಂಡು ಹೇಳಿದಳು: “ನನ್ನ ಮದುವೇಲಿ ನಾನು ಹಾಡ್ತೀನಿ. ದಾದಿದು ಹಾಡು, ಅಬ್ಬಾನ ಅಮ್ಮೀದು. ಫರ್ಹಾನ್‌ಗೆ ಹೇಳಿದೀನಿ. ಅವರಿಗೆ ಬೇಡ ಅಂದ್ರೆ… ದೆನ್ ಬೇಡ.”

ಅವಳ ಕೈಗಳೆರಡೂ ಸ್ಟಿಯರಿಂಗ್ ಮೇಲಿದ್ದವು, ಕಣ್ಣು ಒರೆಸಿಕೊಳ್ಳಲಿಲ್ಲ. ಇಮ್ತಿಯಾಜ್ ಭಾಯಿ ಮಗಳ ತಲೆಯ ಮೇಲೆ ಕೈಯಿಟ್ಟು ಹಾಗೆಯೇ ಇಟ್ಟುಕೊಂಡರು.

ನಸೀಮಾ ಅವರ ಬೆರಳು ಫೋನಿನ ಮೇಲೆ ನಿಂತಿತ್ತು. ಅವರು ಬರೆದಷ್ಟನ್ನೂ ಅಳಿಸಿದ್ದು ನನಗೆ ಹಿಂದಿನಿಂದ ಕಾಣಿಸಿತು. ಮೂಗು ಒರೆಸಿಕೊಂಡು, ಕನ್ನಡಕ ಸರಿಮಾಡಿಕೊಂಡು, ಮುಂದಿನ ಸೀಟಿನವರನ್ನು ಕೇಳಿದರು.

“ಸಾನಿಯಾ ಹಾಡ್ತಾಳೆ ಅಂತ ಹಾಕ್ಲಾ, ನಾವೆಲ್ಲ ಹಾಡ್ತೀವಿ ಅಂತ ಹಾಕ್ಲಾ?”